ಹಂಪಿಯಿಂದ ದೊಡ್ಡಪ್ಪನಿಗೆ: ಇಮೇಲ್‌ನಲ್ಲಿ ಕಳಿಸೋಕೆ ಒಂದು ಪಿಕ್ಚರ್ ಪೋಸ್ಟ್‌ಕಾರ್ಡ್

[ದೃಶ್ಯ: ಬೆಳಗಿನ ಹಂಪಿಯ ಫೋಟೊ, ಪರದೆ ತುಂಬ]

ನಮಸ್ಕಾರ. ಇದು ಮಾತಂಗ ಬೆಟ್ಟದ ತುದಿಯಲ್ಲಿ, ವೀರಭದ್ರನ ಗುಡಿ ಹತ್ರ, ಸೂರ್ಯ ಹುಟ್ಟೋ ಹೊತ್ತಿಗೆ ತೆಗೆದ ಫೋಟೊ. ಕೆಳಗೆ ಕಾಣ್ತಿರೋದು ಅಚ್ಯುತರಾಯ ದೇವಸ್ಥಾನ. ನಮ್ಮ ದೊಡ್ಡಪ್ಪ ಕಾಲೇಜಿನ ದಿನಗಳಲ್ಲಿ ಈ ಬೆಟ್ಟ ಹತ್ತಿದ್ದರು. ಈಗ ಮಗನ ಮನೆಯಲ್ಲಿ, ನ್ಯೂಜೆರ್ಸಿಯಲ್ಲಿದ್ದಾರೆ. ಇದನ್ನ ಸುಮ್ನೆ ವಾಟ್ಸಾಪ್‌ಗೆ ಹಾಕಿದ್ರೆ ಫಾರ್ವರ್ಡ್‌ಗಳ ರಾಶಿಯಲ್ಲಿ ಎರಡೇ ದಿನಕ್ಕೆ ಮುಚ್ಚಿಹೋಗತ್ತೆ. ಅದಕ್ಕೇ ಅವರ ಹೆಸರಿಗೇ ಒಂದು ಕಾರ್ಡ್ ಮಾಡ್ತಾ ಇದೀನಿ. ಜೊತೆಗೆ ನೀವೂ ಮಾಡಿ.

[ದೃಶ್ಯ: ಹಳೆಯ ಪೋಸ್ಟ್‌ಕಾರ್ಡ್‌ಗಳು, ಮೇಜಿನ ಮೇಲೆ]

ಪೋಸ್ಟ್‌ಕಾರ್ಡ್ ಮೊದಲು ಬಂದಿದ್ದು ಆಸ್ಟ್ರಿಯಾ-ಹಂಗೇರಿಯಲ್ಲಿ, 1869ರಲ್ಲಿ. ನಮ್ಮ ದೇಶಕ್ಕೆ ಬಂದಿದ್ದು 1879ರಲ್ಲಿ, ಆಗ ಬೆಲೆ ಕಾಲಾಣೆ. ಹಳೇ ಪಿಕ್ಚರ್ ಕಾರ್ಡ್‌ಗಳಲ್ಲಿ ಚಿತ್ರದ ಪಕ್ಕದಲ್ಲೋ ಕೆಳಗೋ ಒಂದಿಷ್ಟು ಬಿಳಿ ಜಾಗ ಬಿಟ್ಟಿರೋದನ್ನ ನೋಡಿರಬಹುದು. ಆಗ ಹಿಂಬದಿಯಲ್ಲಿ ವಿಳಾಸ ಬಿಟ್ಟು ಬೇರೇನೂ ಬರೆಯೋ ಹಾಗಿರಲಿಲ್ಲ. ಬ್ರಿಟನ್ನಿನಲ್ಲಿ 1902ರಲ್ಲಿ ಆ ನಿಯಮ ಸಡಿಲ ಆಯ್ತು. ಅಲ್ಲಿವರೆಗೂ ಮನಸ್ಸಿನ ಮಾತೆಲ್ಲ ಚಿತ್ರದ ಅಂಚಲ್ಲೇ. ನಮ್ಮ ಇಮೇಲ್ ಕಾರ್ಡಿಗಂತೂ ಹಿಂಬದಿಯೇ ಇಲ್ಲ. ಹಾಗಾಗಿ ಫೋಟೊ ಆರಿಸೋವಾಗ್ಲೇ ಬರೆಯೋಕೆ ಖಾಲಿ ಜಾಗ ಎಲ್ಲಿದೆ ಅಂತ ನೋಡಬೇಕು. ನನ್ನ ಫೋಟೊದಲ್ಲಿ ಮೇಲಿನ ಮೂರನೇ ಒಂದು ಭಾಗ ಬರೀ ಆಕಾಶ. ಅಲ್ಲೇ ಬರೀತೀನಿ.

[ದೃಶ್ಯ: ಕಂಪ್ಯೂಟರ್ ಪರದೆ, ಕ್ರಾಪ್ ಮಾಡ್ತಿರೋದು]

ಅಳತೆ 1800 ಅಡ್ಡ, 1200 ಉದ್ದ ಪಿಕ್ಸೆಲ್. ಅಂದ್ರೆ 6 ಇಂಚು 4 ಇಂಚಿನ ಕಾರ್ಡ್. ಯಾರಾದ್ರೂ ಪ್ರಿಂಟ್ ಹಾಕಿಸಿದ್ರೂ ಚೆನ್ನಾಗೇ ಬರತ್ತೆ. ಮೊಬೈಲ್ ಫೋಟೊ ಸಾಮಾನ್ಯವಾಗಿ ಇದಕ್ಕಿಂತ ಎತ್ತರ ಇರತ್ತೆ, ಸ್ವಲ್ಪ ಕತ್ತರಿಸಲೇಬೇಕು. ನಾನು ಕೆಳಗಿನ ಬಂಡೆ ಕತ್ತರಿಸಿದೆ, ಆಕಾಶ ಮುಟ್ಟಲಿಲ್ಲ. ಫೋಟೊ ತಿದ್ದೋ ತಂತ್ರಾಂಶ ಯಾವುದಾದ್ರೂ ಆಗತ್ತೆ, ಕ್ಯಾನ್ವಾ ಆದ್ರೂ ಸರಿ, ಗಿಂಪ್ ಆದ್ರೂ ಸರಿ.

ಈಗ ಅಕ್ಷರ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದ್ರೆ ಕನ್ನಡದ ಕಾರ್ಡ್‌ಗಳು ಕೆಡೋದೇ ಇಲ್ಲಿ.

[ದೃಶ್ಯ: ‘ದೊಡ್ಡಪ್ಪ’ ಅನ್ನೋ ಪದ, ತುಂಬ ಹತ್ತಿರದಿಂದ]

‘ದೊಡ್ಡಪ್ಪ’ ಅಂತ ಬರೆದು ನೋಡಿ. ಡಕಾರದ ಕೆಳಗೆ ಒಂದು ಒತ್ತು, ಪಕಾರದ ಕೆಳಗೆ ಇನ್ನೊಂದು. ಕೆಳಗಿನ ಸಾಲಲ್ಲಿ ಗುಡಿಸೋ, ದೀರ್ಘವೋ ಬಂದ್ರೆ ಮೇಲಿನ ಒತ್ತು ಅದಕ್ಕೆ ಹೋಗಿ ತಾಗತ್ತೆ. ಇಂಗ್ಲಿಷಿಗೆ ಅಂತ ಇಟ್ಟಿರೋ ಸಾಲಿನ ಅಂತರ ನಮಗೆ ಸಾಲಲ್ಲ. ಅಕ್ಷರದ ಅಳತೆಯ ಒಂದೂವರೆ ಪಟ್ಟು ಇಡಿ. ಫೋಟೊಶಾಪ್‌ನಲ್ಲಿ ಒತ್ತಕ್ಷರ ಒಡೆದು ಬಿಡಿಬಿಡಿಯಾಗಿ ಕಂಡ್ರೆ ಗಾಬರಿ ಬೇಡ, ಟೈಪ್ ಸೆಟ್ಟಿಂಗ್‌ನಲ್ಲಿ ಭಾರತೀಯ ಭಾಷೆಗಳಿಗೆ ಇರೋ ಲೇಔಟ್ ಆರಿಸಿ. ಫಾಂಟ್ ಯೂನಿಕೋಡ್‌ದೇ ಇರಲಿ: ‘ಬಲೂ ತಮ್ಮ’ ದುಂಡಗೆ, ದಪ್ಪಗೆ ಇದೆ, ‘ಟಿರೋ ಕನ್ನಡ’ ಹಳೇ ಪುಸ್ತಕದ ಅಚ್ಚಿನ ಹಾಗೆ. ನಾನು ಟಿರೋ ತಗೊಂಡೆ.

ಅಕ್ಷರ ಎಷ್ಟು ದೊಡ್ಡದಿರಬೇಕು? ದೊಡ್ಡಪ್ಪ ನೋಡೋದು ಮೊಬೈಲಲ್ಲಿ. ಅಲ್ಲಿ ನಮ್ಮ 1800 ಪಿಕ್ಸೆಲ್ ಕಾರ್ಡ್ ಕುಗ್ಗಿ ಹೆಚ್ಚುಕಮ್ಮಿ 7 ಸೆಂಟಿಮೀಟರ್ ಆಗತ್ತೆ. 80 ಪಿಕ್ಸೆಲ್ ಎತ್ತರದ ಅಕ್ಷರ ಬರೀ 3 ಮಿಲಿಮೀಟರ್! ಅದಕ್ಕಿಂತ ಚಿಕ್ಕದು ಬೇಡವೇ ಬೇಡ. ಹಾಗಂದ್ಮೇಲೆ ಮೂರು ಸಾಲಿಗಿಂತ ಹೆಚ್ಚು ಹಿಡಿಸಲ್ಲ. ಹಬ್ಬದ ಶುಭಾಶಯದ ತಯಾರಿ ಸಾಲುಗಳನ್ನ ಹಾಕೋಕೆ ನನಗೆ ಮನಸ್ಸಾಗಲ್ಲ. ಅವರಿಗೆ ಮಾತ್ರ ಅರ್ಥ ಆಗೋ ಮಾತು ಬೇಕು. ನಾನು ಬರೆದಿದ್ದು ಇಷ್ಟು:

“ದೊಡ್ಡಪ್ಪಾ, ನೀವು ಹೇಳ್ತಿದ್ದ ವೀರಭದ್ರನ ಗುಡಿ ಹತ್ರಾನೇ ಕೂತಿದೀನಿ. ಕಾಲು ಇನ್ನೂ ನಡುಗ್ತಿದೆ.”

[ದೃಶ್ಯ: ಜಿಮೇಲ್, ಹೊಸ ಪತ್ರ]

ಜೆಪೆಗ್ ಆಗಿ ಉಳಿಸಿ. ಜಿಮೇಲ್ 25 ಎಂಬಿ ತನಕ ಒಪ್ಪತ್ತೆ, ಆದ್ರೆ ನಮ್ಮ ಕಾರ್ಡ್ 1 ಎಂಬಿ ಒಳಗಿರಲಿ, ತಟ್ಟನೆ ತೆರೆಯತ್ತೆ. ಲಗತ್ತಾಗಿ ಹಾಕೋದು ಬೇಡ, ಪತ್ರದ ಒಳಗೇ ಕೂರಿಸಿ. 1994ರಲ್ಲಿ ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಜೂಡಿತ್ ಡೋನಾತ್ ‘ಎಲೆಕ್ಟ್ರಿಕ್ ಪೋಸ್ಟ್‌ಕಾರ್ಡ್’ ಅನ್ನೋ ಕಾರ್ಡ್ ಕಳಿಸೋ ವೆಬ್‌ಸೈಟ್ ಶುರು ಮಾಡಿದಾಗ, ಇಮೇಲಲ್ಲಿ ಬರ್ತಿದ್ದದ್ದು ಒಂದು ಸಂಖ್ಯೆ ಅಷ್ಟೇ. ಆ ಸಂಖ್ಯೆ ಹಿಡ್ಕೊಂಡು ವೆಬ್‌ಸೈಟಿಗೆ ಹೋಗಿ ಕಾರ್ಡ್ ಬಿಡಿಸ್ಕೋಬೇಕಿತ್ತು. ಈಗ ಪತ್ರ ತೆಗೆದ ಕೂಡ್ಲೇ ಹಂಪಿ ಕಾಣತ್ತೆ.

ಕಾರ್ಡಿನ ಕೆಳಗೆ ಅದೇ ಮಾತನ್ನ ಇನ್ನೊಮ್ಮೆ ಟೈಪ್ ಮಾಡಿ. ಕೆಲವರ ಮೇಲ್‌ನಲ್ಲಿ ಚಿತ್ರ ತಾನಾಗೇ ತೆರೆಯಲ್ಲ. ಕಣ್ಣು ಕಾಣದವರಿಗೆ ಫೋನ್ ಓದಿ ಹೇಳೋದು ಟೈಪ್ ಮಾಡಿದ್ದನ್ನೇ. ವಿಷಯದ ಜಾಗದಲ್ಲಿ ‘ಹಂಪಿಯಿಂದ ದೊಡ್ಡಪ್ಪನಿಗೆ’. ಮೊದಲು ನಿಮಗೇ ಕಳಿಸ್ಕೊಂಡು, ಮೊಬೈಲನ್ನ ಕೈಯಳತೆ ದೂರ ಹಿಡಿದು ಓದಿ ನೋಡಿ.

[ದೃಶ್ಯ: ದೊಡ್ಡಪ್ಪನ ಉತ್ತರ, ಪರದೆ ಮೇಲೆ]

ಬೆಟ್ಟದ ಬುಡದಲ್ಲಿರೋ ದೊಡ್ಡ ಕಲ್ಲಿನ ನಂದಿಗೆ ‘ಎದುರು ಬಸವಣ್ಣ’ ಅಂತಾರೆ. ಮರುದಿನ ಉತ್ತರ ಬಂತು. ಒಂದೇ ಸಾಲು: “ಎದುರು ಬಸವಣ್ಣನ ಕಡೆಯಿಂದ ಹತ್ತಿದ್ಯೋ, ಆಚೆ ಕಡೆಯಿಂದ್ಲೋ?”