ಮಿಸ್, ಇದು ಪಾಪಾನಾ?

ಎಲ್ಲರಿಗೂ ನಮಸ್ಕಾರ. ಕೋಲಾರದಿಂದ ಮಾತಾಡ್ತಾ ಇದ್ದೀನಿ. ಮಧ್ಯೆ ಕುಕ್ಕರ್ ಕೂಗಿದ್ರೆ ಬೇಜಾರಾಗ್ಬೇಡಿ, ನಮ್ಮ ಸ್ಟುಡಿಯೋ ಅಂದ್ರೆ ಅಡುಗೆಮನೆ ಪಕ್ಕದ ರೂಮು.

ವಾರದಲ್ಲಿ ಆರು ದಿನ ಕಾಲೇಜಲ್ಲಿ ಕಾಮರ್ಸ್ ಪಾಠ ಮಾಡೋಳು ನಾನು. ಭಾನುವಾರ ಆರಾಧನೆ ಮುಗಿದ ಮೇಲೆ, ಚರ್ಚ್ ಹಿಂದಿನ ಶೀಟ್ ಹಾಲ್‌ನಲ್ಲಿ ಡಿಗ್ರಿ ಓದೋ ಮಕ್ಕಳಿಗೆ ಒಂದು ಗಂಟೆ ಕ್ಲಾಸ್. ಹೆಸರು ‘ಕ್ರೈಸ್ತ ನೀತಿ’. ಹನ್ನೊಂದು ವರ್ಷದಿಂದ ತಗೋತಾ ಇದ್ದೀನಿ, ಹನ್ನೊಂದು ವರ್ಷದಿಂದಲೂ ಅದೇ ಪ್ರಶ್ನೆ: “ಮಿಸ್, ಇದು ಪಾಪಾನಾ?”

ನಮ್ಮ ಕಾಲದಲ್ಲಿ ಇದಕ್ಕೆ ಪಟ್ಟಿ ಇತ್ತು. ಸಿನಿಮಾ ಪಾಪ, ಇಸ್ಪೀಟು ಪಾಪ, ಲಿಪ್‌ಸ್ಟಿಕ್ ಅರ್ಧ ಪಾಪ. ಪಟ್ಟಿ ಬಾಯಿಪಾಠ ಮಾಡ್ಕೊಂಡ್ರೆ ಜೀವನ ಸಲೀಸು. ಈಗಿನ ಮಕ್ಕಳು ಕೇಳೋದು ಆ ಪಟ್ಟಿಯಲ್ಲೇ ಇಲ್ಲ. ಚಾಟ್‌ಜಿಪಿಟಿ ಕೈಲಿ ಅಸೈನ್‌ಮೆಂಟ್ ಬರೆಸಿದ್ರೆ? ಫ್ರೆಂಡ್ ಲೋನ್ ಆ್ಯಪ್‌ಗೆ ನನ್ನ ನಂಬರ್ ರೆಫರೆನ್ಸ್ ಕೊಟ್ಟು, ಅವರು ಫೋನ್ ಮಾಡಿದಾಗ ಅವಳು ಯಾರು ಅಂತಾನೇ ಗೊತ್ತಿಲ್ಲ ಅಂದ್ರೆ? ಹೌದು ಅಥವಾ ಇಲ್ಲ, ಒಂದು ಹೇಳಿಬಿಡಿ ಮಿಸ್, ಬಸ್ಸಿಗೆ ಹೊತ್ತಾಯ್ತು.

ನಾನು ಹೇಳಲ್ಲ. ಅದಕ್ಕೆ ನಮ್ಮ ಕೆಲವು ಹಿರಿಯರಿಗೆ ನನ್ನ ಮೇಲೆ ಕೋಪ. “ಸತ್ಯವೇದದಲ್ಲಿ ಸ್ಪಷ್ಟವಾಗಿದೆಯಲ್ಲಮ್ಮ, ಹೇಳೋಕೇನು ಕಷ್ಟ?” ಅಂತಾರೆ. ಸತ್ಯವೇದದಲ್ಲಿ, ಅಂದ್ರೆ ಬೈಬಲಲ್ಲಿ, ಏನಿದೆ ಅಂತ ಒಂದು ಊಟದ ಕಥೆಯಲ್ಲಿ ಹೇಳ್ತೀನಿ.

ಮುಳಬಾಗಿಲು ಕಡೆಯ ಒಬ್ಬ ಹುಡುಗ. ಅವನ ಮಾವನ ಮನೆಯಲ್ಲಿ ಮುನೇಶ್ವರನಿಗೆ ಹರಕೆ ಕುರಿ ಕಡಿದಿದ್ರು. ರಾಗಿ ಮುದ್ದೆ, ತಲೆಮಾಂಸದ ಸಾರು, ಎಲೆ ಹಾಕಿ ಕರೆದಿದ್ದಾರೆ. ತಿಂದ್ರೆ ವಿಗ್ರಹಕ್ಕೆ ಒಪ್ಪಿಸಿದ್ದು. ತಿನ್ನದಿದ್ರೆ, ತಾಯಿ ಸತ್ತ ಮೇಲೆ ಸಾಕಿದ ಮಾವ. ಇದೇ ಪ್ರಶ್ನೆ ಸುಮಾರು ಎರಡು ಸಾವಿರ ವರ್ಷದ ಹಿಂದೆ ಗ್ರೀಸಿನ ಕೊರಿಂಥ ಊರಿನ ಕ್ರೈಸ್ತರು ಅಪೊಸ್ತಲ ಪೌಲನಿಗೆ ಕೇಳಿದ್ರು. ಅವನು ಅವರಿಗೆ ಬರೆದ ಮೊದಲನೇ ಪತ್ರದ 8 ಮತ್ತು 10ನೇ ಅಧ್ಯಾಯ ಓದಿ ನೋಡಿ. ವಿಗ್ರಹದ ಪೂಜೆಯಲ್ಲಿ ಪಾಲುಗಾರರಾಗಬೇಡಿ ಅಂತ ಖಡಾಖಂಡಿತ ಹೇಳ್ತಾನೆ. ಮಾಂಸದ ವಿಷಯಕ್ಕೆ ಬಂದಾಗ ಮಾತು ಬೇರೆ. ಯಾರಾದ್ರೂ ಊಟಕ್ಕೆ ಕರೆದ್ರೆ ವಿಚಾರಣೆ ಮಾಡ್ದೆ ತಿನ್ನಿ ಅಂತಾನೆ. ಆದ್ರೆ ಪಕ್ಕದಲ್ಲಿ ಕೂತವನು ‘ಇದು ಬಲಿಯದು’ ಅಂತ ಹೇಳಿದ್ರೆ ಬಿಡಿ ಅಂತಾನೆ, ನಿಮ್ಮ ಮನಸ್ಸಾಕ್ಷಿಗಲ್ಲ, ಹೇಳಿದವನ ಮನಸ್ಸಾಕ್ಷಿಗೋಸ್ಕರ. ಅಂದ್ರೆ ತಟ್ಟೆ ನೋಡಿದ್ರೆ ಸಾಲದು, ಪಂಕ್ತಿಯಲ್ಲಿ ಯಾರ್ಯಾರು ಕೂತಿದ್ದಾರೆ ಅಂತಲೂ ನೋಡಬೇಕು. ಹುಡುಗ ಹೋದ. ಪೂಜೆ ಹೊತ್ತಿಗೆ ಹೊರಗೆ ನಿಂತು ಶಾಮಿಯಾನ ಕಟ್ಟಿಸಿದನಂತೆ, ಊಟಕ್ಕೆ ಮಾವನ ಪಕ್ಕವೇ ಕೂತನಂತೆ. ಸರಿನೋ ತಪ್ಪೋ, ಅವನೇ ಯೋಚನೆ ಮಾಡಿ ತಗೊಂಡ ತೀರ್ಮಾನ.

ಈಗ ನಾನು ಮಾಡಿದ ತಪ್ಪಿಗೆ ಬರ್ತೀನಿ. ಈ ವಿಡಿಯೋ ಮಾಡ್ತಿರೋದೇ ಅದಕ್ಕೆ.

ಆರೇಳು ವರ್ಷದ ಹಿಂದೆ ಬಿಎಸ್ಸಿ ಓದ್ತಿದ್ದ ಒಬ್ಬ ಬಂದ. ಗುರುತು ಸಿಗದ ಹಾಗೆ ಹೇಳ್ತಾ ಇದ್ದೀನಿ. ದೀಕ್ಷಾಸ್ನಾನ ಆಗಿದೆ, ಅಂದ್ರೆ ನೀರಲ್ಲಿ ಮುಳುಗಿ ಕ್ರೈಸ್ತನಾಗಿದ್ದಾನೆ, ಪ್ರತಿ ಭಾನುವಾರ ಗಿಟಾರ್ ನುಡಿಸ್ತಾನೆ. ಜಾತಿ ಪ್ರಮಾಣಪತ್ರದಲ್ಲಿ ಮಾತ್ರ ‘ಹಿಂದೂ ಆದಿ ಕರ್ನಾಟಕ’. ಅದು ಪರಿಶಿಷ್ಟ ಜಾತಿ, ಅದರ ಮೇಲೆ ಸ್ಕಾಲರ್‌ಶಿಪ್. ಕ್ರೈಸ್ತ ಅಂತ ಬರೆದ್ರೆ ಆ ಪ್ರಮಾಣಪತ್ರ ಸಿಗಲ್ಲ. “ಮಿಸ್, ಇದು ಪಾಪಾನಾ?” ಅವತ್ತು ನನಗೆ ಏನಾಗಿತ್ತೋ, ಪಟ್ಟಿ ತೆಗೆದುಬಿಟ್ಟೆ. ಸುಳ್ಳು ಸುಳ್ಳೇ ಕಣಪ್ಪಾ, ಬಿಟ್ಬಿಡು, ದೇವರು ನೋಡ್ಕೋತಾನೆ ಅಂದೆ. ಬಿಟ್ಟ. ಮುಂದಿನ ವರ್ಷ ಹದಿನಾಲ್ಕು ಸಾವಿರ ಫೀಸು ಕಟ್ಟೋಕೆ ಆಗದೆ ಕಾಲೇಜೂ ಬಿಟ್ಟ. ನರಸಾಪುರದ ಕಡೆ ಹೋಗೋ ಕಂಪನಿ ಬಸ್ಸಿನ ಕಿಟಕಿಯಲ್ಲಿ ಒಂದಿನ ಕಂಡ. ಕೈ ಎತ್ತಿ ನಮಸ್ಕಾರ ಮಾಡಿದ. ದೇವರು ನೋಡ್ಕೋತಾನೆ ಅಂದ ನಾನು ಹದಿನಾಲ್ಕು ರೂಪಾಯಿ ಕೊಟ್ಟಿರಲಿಲ್ಲ. ನಮ್ಮ ಚರ್ಚ್ ಸಭೆಯಲ್ಲಿ ಯಾರೂ ಕೊಟ್ಟಿರಲಿಲ್ಲ.

ಕೋಲಾರ ಜಿಲ್ಲೆಯಲ್ಲಿ ಇದು ಒಬ್ಬಿಬ್ಬರ ಕಥೆ ಅಲ್ಲ. 2011ರ ಜನಗಣತಿ ಪ್ರಕಾರ ಇಲ್ಲಿ ನೂರಕ್ಕೆ ಸುಮಾರು 30 ಜನ ಪರಿಶಿಷ್ಟ ಜಾತಿಯವರು, ಇಡೀ ರಾಜ್ಯದಲ್ಲೇ ಹೆಚ್ಚು. ನಮ್ಮ ಸಭೆಗಳಿಗೆ ಬರೋ ಎಷ್ಟೋ ಮನೆಗಳು ಆ ಕೇರಿಗಳವೇ. ಭಾನುವಾರಕ್ಕೊಂದು ಹೆಸರು, ಅರ್ಜಿ ಫಾರಂಗೆ ಇನ್ನೊಂದು. ಎಲ್ಲರಿಗೂ ಗೊತ್ತು, ವೇದಿಕೆ ಮೇಲೆ ಮಾತ್ರ ಯಾರೂ ಬಾಯಿ ಬಿಡಲ್ಲ.

2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಡ್ತು. ಪುದುಚೇರಿಯ ಒಬ್ಬ ಮಹಿಳೆ, ಕ್ರೈಸ್ತ ನಂಬಿಕೆಯಲ್ಲೇ ನಡೀತಾ, ಕೆಲಸಕ್ಕಾಗಿ ಪರಿಶಿಷ್ಟ ಜಾತಿ ಪ್ರಮಾಣಪತ್ರ ಕೇಳಿದ್ದ ಪ್ರಕರಣ. ಬರೀ ಮೀಸಲಾತಿಗೋಸ್ಕರ ಹಿಂದೂ ಅಂತ ಹೇಳಿಕೊಳ್ಳೋದು ಸಂವಿಧಾನಕ್ಕೆ ಮಾಡೋ ವಂಚನೆ ಅಂತು ಕೋರ್ಟ್. ಸುದ್ದಿ ವಾಟ್ಸಾಪಲ್ಲಿ ಓಡಾಡ್ತು. ಮುಂದಿನ ಭಾನುವಾರವೇ ಒಬ್ಬಳು ಬಿಕಾಂ ಹುಡುಗಿ, ಕ್ಲಾಸ್ ಮುಗಿದು ಎಲ್ಲರೂ ಹೋಗೋವರೆಗೂ ಕಾದು, ಬ್ಯಾಗಿನಿಂದ ಪ್ಲಾಸ್ಟಿಕ್ ಕವರ್ ತೆಗೆದ್ಲು. ಲ್ಯಾಮಿನೇಟ್ ಮಾಡಿದ ಜಾತಿ ಪ್ರಮಾಣಪತ್ರ. ಅದರ ಹಿಂದೆ ಅಂಟಿಕೊಂಡ ಹಾಗೆ ದೀಕ್ಷಾಸ್ನಾನದ ಪತ್ರ.

ಈ ಸಲ ನಾನು ಬಾಯಿ ಮುಚ್ಕೊಂಡು ಚಹಾ ತರಿಸಿದೆ.

ಕನ್ನಡದಲ್ಲಿ ‘ಮನಸ್ಸಾಕ್ಷಿ’ ಅಂತೀವಲ್ಲ, ಎಷ್ಟು ಒಳ್ಳೇ ಪದ ನೋಡಿ. ಮನಸ್ಸು ಇಲ್ಲಿ ಜಡ್ಜ್ ಅಲ್ಲ, ಸಾಕ್ಷಿ. ಸಾಕ್ಷಿ ಅಂದ ಮೇಲೆ ಕಣ್ಣಾರೆ ನೋಡಿರಬೇಕು. ಹಾಗಾಗಿ ನಾವಿಬ್ಬರೂ ಮೊದಲು ನೋಡೋ ಕೆಲಸ ಮಾಡಿದ್ವಿ. ಯಾರು ಪರಿಶಿಷ್ಟ ಜಾತಿಯವರು ಅಂತ ಹೇಳೋ 1950ರ ರಾಷ್ಟ್ರಪತಿ ಆದೇಶದ ಮೂರನೇ ಪ್ಯಾರಾ ಓದಿದ್ವಿ. ಮೊದಲು ಹಿಂದೂಗಳಿಗೆ ಮಾತ್ರ ಅಂತಿತ್ತು. 1956ರಲ್ಲಿ ಸಿಖ್ಖರನ್ನ ಸೇರಿಸಿದ್ರು, 1990ರಲ್ಲಿ ಬೌದ್ಧರನ್ನ. ಕ್ರೈಸ್ತರು, ಮುಸ್ಲಿಮರು ಇವತ್ತಿಗೂ ಹೊರಗೆ. ಇದನ್ನ ಪರಿಶೀಲಿಸೋಕೆ ಅಂತ 2022ರಲ್ಲಿ ಕೇಂದ್ರ ಸರ್ಕಾರ ಕೆ.ಜಿ. ಬಾಲಕೃಷ್ಣನ್ ಆಯೋಗ ಮಾಡಿದ್ದು. ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರಿಗೆ ಹಿಂದುಳಿದ ವರ್ಗಗಳ ಪ್ರವರ್ಗ-1 ಇದೆ. ಇದು ಆ ಹುಡುಗಿಗೆ ಗೊತ್ತೇ ಇರಲಿಲ್ಲ. ಆರೇಳು ವರ್ಷದ ಹಿಂದೆ ನನಗೂ ಗೊತ್ತಿರಲಿಲ್ಲ, ಗೊತ್ತಿಲ್ಲದೆಯೇ ಒಬ್ಬ ಹುಡುಗನಿಗೆ ನೀತಿ ಹೇಳಿ ಕಳಿಸಿದ್ದೆ.

ಆಮೇಲೆ ಅವಳೇ ಒಂದು ಮಾತು ಕೇಳಿದ್ಲು. “ನೀರಲ್ಲಿ ಮುಳುಗಿಸಿದ ತಕ್ಷಣ ಜಾತಿ ಹೋಯ್ತು ಅಂತ ಸರ್ಕಾರ ಹೇಳುತ್ತೆ ಮಿಸ್. ನಮ್ಮ ಅಕ್ಕನಿಗೆ ಗಂಡು ನೋಡೋಕೆ ಬಂದ ಸಭೆಯವರೇ ಮೊದಲು ಕೇಳಿದ್ದು ‘ನೀವು ಯಾವ ಪೈಕಿ’ ಅಂತ. ಸುಳ್ಳು ಹೇಳ್ತಿರೋದು ನಾನೊಬ್ಬಳೇನಾ?”

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಮ್ಮ ಹಿರಿಯರ ಹತ್ತಿರವೂ ಇಲ್ಲ, ಕೇಳಿ ನೋಡಿದ್ದೀನಿ. ಕಾಲೇಜು ಮಕ್ಕಳಿಗೆ ನೀತಿ ಕಲಿಸ್ತೀವಿ ಅಂತ ನಾವು ಯಾವಾಗಲೂ ಅವರನ್ನೇ ಕಟಕಟೆಯಲ್ಲಿ ನಿಲ್ಲಿಸ್ತೀವಿ. ಕುಡೀತೀಯಾ, ಯಾರ ಜೊತೆ ತಿರುಗ್ತೀಯಾ, ಫಾರಂನಲ್ಲಿ ಏನು ತುಂಬಿದೆ. ಒಳ್ಳೇ ಸಮಾರ್ಯದವನ ಕಥೆಯಲ್ಲಿ ಯೇಸು, ಕಳ್ಳರ ಕೈಲಿ ಪೆಟ್ಟು ತಿಂದು ದಾರಿಯಲ್ಲಿ ಬಿದ್ದವನು ಯಾಕೆ ಆ ದಾರಿಯಲ್ಲಿ ಬಂದ ಅಂತ ಕೇಳಲೇ ಇಲ್ಲ. ಅವನನ್ನ ನೋಡಿಯೂ ಪಕ್ಕದಲ್ಲೇ ಹಾದುಹೋದ ಯಾಜಕನನ್ನ ತೋರಿಸಿದ. ಮುಂದಿನ ಬೆಂಚಲ್ಲಿ ಕೂರೋ ನಾವು ಆ ಜಾಗದಲ್ಲಿದ್ದೀವಿ.

ಹುಡುಗಿ ಮೂರು ವಾರ ತಗೊಂಡ್ಲು. ಆ ಮೂರು ವಾರದಲ್ಲಿ ಎರಡು ಸಲ ಮನಸ್ಸು ಬದಲಾಯಿಸಿದ್ಲು, ಅದನ್ನೂ ನನಗೆ ಬಂದು ಹೇಳಿದ್ಲು. ಕೊನೆಗೆ ನಾಡಕಚೇರಿಗೆ ಹೋಗಿ ಪ್ರವರ್ಗ-1ಕ್ಕೆ ಅರ್ಜಿ ಹಾಕಿದ್ಲು. ಎಸ್‌ಸಿಗೆ ಸಿಕ್ಕಷ್ಟು ಸೌಲಭ್ಯ ಅದರಲ್ಲಿಲ್ಲ ಅಂತ ಗೊತ್ತಿದ್ದೇ ಹಾಕಿದ್ಲು. ಅವರಪ್ಪ ಇನ್ನೂ ಅವಳ ಜೊತೆ ಸರಿಯಾಗಿ ಮಾತಾಡ್ತಿಲ್ಲ. ಅವಳ ತಂಗಿ ಹಳೇ ಪ್ರಮಾಣಪತ್ರವನ್ನೇ ಇಟ್ಕೊಂಡಿದ್ದಾಳೆ, ಅವಳೂ ನಮ್ಮ ಕ್ಲಾಸಿಗೆ ಬರ್ತಾಳೆ, ಅಕ್ಕನ ಪಕ್ಕದ ಕುರ್ಚಿಯಲ್ಲೇ ಕೂರ್ತಾಳೆ.

ನಾನು ಒಂದು ನೋಟ್‌ಬುಕ್ ತಗೊಂಡು ಮೇಲೆ ‘ಫೀಸ್ ನಿಧಿ’ ಅಂತ ಬರೆದು, ಮೊದಲನೇ ಸಾಲಲ್ಲಿ ನನ್ನ ಹೆಸರು, ಐದು ಸಾವಿರ. ಕಮಿಟಿಯಲ್ಲಿ ಇಟ್ಟೆ. ಗೋಡೆಗೆ ಬಣ್ಣ ಹೊಡೆಸೋ ವಿಷಯ ಮುಗಿಯಲಿ, ಮುಂದಿನ ಮೀಟಿಂಗಲ್ಲಿ ನೋಡೋಣ ಅಂದ್ರು. ಇಲ್ಲಿವರೆಗೆ ಏಳು ಹೆಸರು ಬಂದಿದೆ. ಏಳನೇ ಹೆಸರು ನರಸಾಪುರದ ಬಸ್ಸಿನ ಆ ಹುಡುಗಂದು, ಐನೂರು ರೂಪಾಯಿ.