ಟೇಕ್ ಆಫ್ ಆಗೋದು ವಿಮಾನ ಮಾತ್ರ ಅಲ್ಲ

ಎಲ್ಲರಿಗೂ ನಮಸ್ಕಾರ.

ಇವತ್ತು ‘ಟೇಕ್ ಆಫ್’ ಬಗ್ಗೆ ಮಾತಾಡೋಣ. ಟೇಕ್ ನಮಗೆ ಗೊತ್ತು, ಆಫ್ ಕೂಡ ಗೊತ್ತು. ಎರಡೂ ಸೇರಿದ ಕೂಡಲೇ ತಬ್ಬಿಬ್ಬಾಗುತ್ತೇವೆ. ಇದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಸ್ಯಾಮ್ಯುಯಲ್ ಜಾನ್ಸನ್ 1755ರಲ್ಲಿ ಹೊರತಂದ ಇಂಗ್ಲಿಷ್ ನಿಘಂಟಿನ ಮುನ್ನುಡಿಯಲ್ಲೇ, ಪರದೇಶದವರಿಗೆ ಎಲ್ಲಕ್ಕಿಂತ ಕಷ್ಟ ಕೊಡುವುದು ಇಂಥ ಜೋಡಿ ಪದಗಳು ಎಂದು ಬರೆದಿದ್ದಾರೆ. ಅವರ ಉದಾಹರಣೆಗಳಲ್ಲಿ ಟೇಕ್ ಆಫ್ ಕೂಡ ಇದೆ. ಅಲ್ಲಿ ಅದರ ಅರ್ಥ ‘ನಕಲು ಮಾಡು’! ಈಗಲೂ ಬ್ರಿಟನ್ನಿನಲ್ಲಿ ಒಬ್ಬರ ದನಿ, ನಡಿಗೆಯನ್ನು ಅಣಕಿಸಿ ತೋರಿಸುವುದಕ್ಕೆ ಈ ಮಾತು ಬಳಸುತ್ತಾರೆ.

ಮೊದಲು ಆಫ್ ಅನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಒಂದರ ಮೇಲೆ ಕೂತಿದ್ದು, ಅಂಟಿಕೊಂಡಿದ್ದು ಅಲ್ಲಿಂದ ಬೇರೆಯಾಗುವುದು, ಅಷ್ಟೇ. ಒಲೆ ಮೇಲೆ ಹಾಲು ಉಕ್ಕುತ್ತಿದೆ ಅಂದುಕೊಳ್ಳಿ. ಪಾತ್ರೆ ಇಳಿಸು ಅನ್ನೋದಕ್ಕೆ ‘ಟೇಕ್ ಇಟ್ ಆಫ್ ದ ಸ್ಟವ್’. ಮುಚ್ಚಳ ತೆಗೆಯೋದಕ್ಕೂ ಟೇಕ್ ಆಫ್. ಆದರೆ ಡಬ್ಬದೊಳಗಿಂದ ಸಕ್ಕರೆ ತೆಗೆದರೆ ಅದು ಟೇಕ್ ಔಟ್. ಮೇಲಿಂದ ತೆಗೆದರೆ ಆಫ್, ಒಳಗಿಂದ ತೆಗೆದರೆ ಔಟ್.

ಇಲ್ಲಿ ನಮ್ಮ ‘ತೆಗಿ’ ಸ್ವಲ್ಪ ಕಾಲಿಗೆ ತೊಡರುತ್ತದೆ. ಕನ್ನಡಕ ತೆಗಿ, ಜೇಬಿಂದ ಪೆನ್ನು ತೆಗಿ, ಬಾಗಿಲು ತೆಗಿ, ಫೋಟೋ ತೆಗಿ, ಎಲ್ಲಕ್ಕೂ ನಮಗೆ ಒಂದೇ ಮಾತು ಸಾಕು, ಅಲ್ವಾ? ಇಂಗ್ಲಿಷಿನಲ್ಲಿ ಇವುಗಳಲ್ಲಿ ಕನ್ನಡಕಕ್ಕೆ ಮಾತ್ರ ಟೇಕ್ ಆಫ್ ಸರಿ. ಬಾಗಿಲಿಗೆ ಹಾಗೆ ಹೇಳಿದರೆ, ಕೇಳಿದವರು ಸ್ಕ್ರೂ ಬಿಚ್ಚಿ ಬಾಗಿಲನ್ನೇ ಕಳಚಬೇಕು ಅಂದುಕೊಳ್ಳುತ್ತಾರೆ.

ಅರ್ಥಗಳ ಪಟ್ಟಿ ಉರು ಹೊಡೆಯಬೇಡಿ. ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳೋದು ಒಂದೇ: ವಿರುದ್ಧ ಪದ ಹುಡುಕಿ. ಬಟ್ಟೆ, ಚಪ್ಪಲಿ, ಗಡಿಯಾರದ ವಿಷಯವಾದರೆ ಎದುರಿಗಿರುವುದು ‘ಪುಟ್ ಆನ್’. ವಿಮಾನವಾದರೆ ‘ಲ್ಯಾಂಡ್’. ಬಿಲ್ಲಿನಲ್ಲಿ ಐವತ್ತು ರೂಪಾಯಿ ಟೇಕ್ ಆಫ್ ಮಾಡಿದರು ಅಂದರೆ ಕಡಿಮೆ ಮಾಡಿದರು. ಅದರ ಎದುರು ‘ಆ್ಯಡ್’. ಒಂದು ದಿನ ಆಫ್ ತಗೊಂಡೆ ಅಂತ ನಾವೂ ಹೇಳುತ್ತೇವೆ. ಅದಕ್ಕೆ ಎದುರಾಗಿ ಕೆಲಸಕ್ಕೆ ಹೋಗೋದು. ಎದುರು ಪದ ಬದಲಾಯಿತು ಅಂದರೆ ಅರ್ಥವೂ ಬದಲಾಗಿದೆ ಅಂತ ತಿಳಿಯಿರಿ.

ವ್ಯಾಪಾರ ಟೇಕ್ ಆಫ್ ಆಯಿತು ಅಂದಾಗ? ನಿಧಾನಕ್ಕೆ ನಡೆಯುತ್ತಿದ್ದದ್ದು ಒಮ್ಮೆಲೇ ಕುದುರಿಕೊಂಡಿತು ಅಂತ. ಇದೇ ಮಾತನ್ನು ಅರ್ಥಶಾಸ್ತ್ರಜ್ಞ ವಾಲ್ಟ್ ರಾಸ್ಟೋ 1960ರ ತಮ್ಮ ಪುಸ್ತಕದಲ್ಲಿ ದೇಶಗಳಿಗೂ ಬಳಸಿದರು. ಆರ್ಥಿಕ ಬೆಳವಣಿಗೆಯ ಐದು ಹಂತಗಳಲ್ಲಿ ಮೂರನೆಯದಕ್ಕೆ ಅವರು ಇಟ್ಟ ಹೆಸರೇ ಟೇಕ್ ಆಫ್. ಲಾಂಗ್ ಜಂಪಿನಲ್ಲಿ ಓಡಿಬಂದು ಕಾಲೂರಿ ನೆಗೆಯುವ ಹಲಗೆಗೂ ಟೇಕ್ ಆಫ್ ಬೋರ್ಡ್ ಅನ್ನುತ್ತಾರೆ. ಇನ್ನು ಒಬ್ಬ ಮನುಷ್ಯ ಟೇಕ್ ಆಫ್ ಆದ ಅಂದರೆ, ತಟ್ಟನೆ ಹೊರಟುಬಿಟ್ಟ ಅಂತ. ಆತುರ ಆ ಮಾತಿನಲ್ಲೇ ಇದೆ. ಬಾಸ್‌ಗೆ ಬರೆಯುವ ಪತ್ರಕ್ಕೆ ಅದು ಹೊಂದುವುದಿಲ್ಲ, ಅಲ್ಲಿ ‘ಲೆಫ್ಟ್’ ಸಾಕು. ಹಾಗೆಯೇ ದೇವಸ್ಥಾನದ ಬೋರ್ಡಿನಲ್ಲಿ ‘ರಿಮೂವ್ ಯುವರ್ ಫುಟ್‌ವೇರ್’ ಅಂತ ಇರುತ್ತದೆ. ಮನೆಗೆ ಬಂದ ಗೆಳೆಯನಿಗೆ ಹಾಗೆ ಹೇಳಿದರೆ ಬಿಗಿಯಾಗಿ ಕೇಳಿಸುತ್ತದೆ. ಅಲ್ಲಿ ಟೇಕ್ ಆಫ್ ಹಿತ.

ಕೊನೆಗೆ ಪದಗಳ ಜಾಗ. ನಮ್ಮವರು ಜಾಸ್ತಿ ತಪ್ಪೋದು ಇಲ್ಲೇ. ‘ಟೇಕ್ ಆಫ್ ಯುವರ್ ಶೂಸ್’ ಸರಿ, ‘ಟೇಕ್ ಯುವರ್ ಶೂಸ್ ಆಫ್’ ಕೂಡ ಸರಿ. ಶೂಸ್ ಬದಲು ‘ದೆಮ್’ ಬಂದರೆ ಮಾತ್ರ ಅದು ಮಧ್ಯದಲ್ಲೇ ಕೂರಬೇಕು: ‘ಟೇಕ್ ದೆಮ್ ಆಫ್’. ‘ಟೇಕ್ ಆಫ್ ದೆಮ್’ ಅಂತ ಇಂಗ್ಲಿಷ್ ಮಾತೃಭಾಷೆಯವರು ಹೇಳೋದೇ ಇಲ್ಲ. ಇಟ್, ದೆಮ್ ಎರಡನ್ನೂ ಹಾಕಿ ಒಂದೆರಡು ವಾಕ್ಯ ಈಗಲೇ ಜೋರಾಗಿ ಹೇಳಿ ನೋಡಿ, ಆಮೇಲೆ ನಿಮ್ಮ ಪ್ರಶ್ನೆಗಳನ್ನು ತಗೊಳ್ಳೋಣ.