ಮೊಬೈಲ್ ಕೈಯಲ್ಲೇ ಇರಲಿ: ಕಪ್ಪತಗುಡ್ಡದ ತಾಂಡಾದಲ್ಲಿ ಫ್ಯಾಷನ್ ಶೂಟ್

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಿಂದ ಹೊರಟು ಗದಗ ದಾಟಿ ಬಂದಿದ್ದೇವೆ. ಹಿಂದೆ ಕಾಣುತ್ತಿರುವುದು ಕಪ್ಪತಗುಡ್ಡ, ಅದರ ಮೇಲೆ ಸಾಲು ಸಾಲು ಗಾಳಿಯಂತ್ರ. ಬುಡದ ಈ ಲಂಬಾಣಿ ತಾಂಡಾದಲ್ಲಿ ಇವತ್ತು ಫ್ಯಾಷನ್ ಶೂಟ್. ಮಾಡೆಲ್‌ಗಳು ಹೊರಗಿನವರಲ್ಲ. ಬಟ್ಟೆ ಹೊಲಿದ ಅಜ್ಜಿ, ಅವರ ಸೊಸೆ, ಮೊಮ್ಮಗಳು. ಹೆಸರು ವಿಡಿಯೋದಲ್ಲಿ ಬೇಡ ಎಂದಿದ್ದಾರೆ, ಹಾಗಾಗಿ ಹೇಳುತ್ತಿಲ್ಲ.

ಲಂಬಾಣಿ ಡ್ರೆಸ್ ಹಾಕಿ ಫೋಟೋ ತೆಗೆಸಿಕೊಳ್ಳುವುದು ನಮ್ಮ ಕಡೆ ಹೊಸದೇನಲ್ಲ. ಬಾಡಿಗೆಗೇ ಸಿಗುತ್ತದೆ. ಕನ್ನಡಿ ಜಾಗದಲ್ಲಿ ಪ್ಲಾಸ್ಟಿಕ್ ಚೂರು, ಕೈಹೊಲಿಗೆ ಜಾಗದಲ್ಲಿ ರೆಡಿಮೇಡ್ ಲೇಸು. ಹಾಕಿಕೊಳ್ಳುವವರು ಹಾಕಿಕೊಳ್ಳಲಿ. ಆದರೆ ಆ ಫೋಟೋದಲ್ಲಿ ತಾಂಡಾದವರೇ ಇರುವುದಿಲ್ಲ, ಅಲ್ವಾ? ನನಗೆ ಅವರು ಬೇಕಿತ್ತು.

ಈಗ ನೋಡಿ, ಅಜ್ಜಿ ಮೊಮ್ಮಗಳಿಗೆ ಉಡಿಸುತ್ತಿದ್ದಾರೆ. ಈ ದೊಡ್ಡ ನೆರಿಗೆಯ ಲಂಗ ಫೇಟಿಯಾ. ಮೇಲಿನದು ಕಾಂಚಳಿ, ಅದನ್ನು ಬೆನ್ನ ಹಿಂದೆ ಲಾಡಿಯಿಂದ ಕಟ್ಟುತ್ತಾರೆ. ತುಂಬಾ ಕನ್ನಡಿ, ಕವಡೆ, ನಾಣ್ಯ. ಇನ್ನು ಕೂದಲಿಗೆ ಸಿಕ್ಕಿಸಿ ಕೆನ್ನೆ ಪಕ್ಕ ಇಳಿಬಿಡುವ ಈ ಬೆಳ್ಳಿ ಒಡವೆ ಘೂಗ್ರಿ-ಟೋಪ್ಲಿ. ಮೇಕಪ್‌ಗೆ ಬಂದ ಗೆಳತಿ, "ಇದನ್ನ ಹುಡುಗಿಗೂ ಹಾಕೋಣೇನ್ರಿ ಅಮ್ಮಾ?" ಎಂದು ಕೇಳಿದಳು. "ಬ್ಯಾಡವಾ, ಆಕಿ ಲಗ್ನ ಇನ್ನೂ ಆಗಿಲ್ಲ" ಎಂದರು ಅಜ್ಜಿ. ಅದು ಮದುವೆಯಾದ ಹೆಂಗಸರು ಹಾಕುವ ಒಡವೆ. ಯಾರಿಗೆ ಯಾವುದು, ಯಾವುದು ಬೇಡ ಎಂಬುದು ಅಜ್ಜಿಗೆ ಗೊತ್ತು. ಹಾಗಾಗಿ ಇವತ್ತು ಅವರೇ ನಮ್ಮ ಸ್ಟೈಲಿಸ್ಟ್. ಅವರು ಹೂಂ ಎಂದ ಮೇಲೆಯೇ ಕ್ಯಾಮೆರಾ.

ಬೆಳಕಿನ ಬಗ್ಗೆ ಒಂದು ಮಾತು. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಕನ್ನಡಿಗಳೆಲ್ಲ ಬಿಳಿ ಚುಕ್ಕೆಯಾಗಿಬಿಡುತ್ತವೆ. ಹೊಲಿಗೆ ಕಾಣುವುದೇ ಇಲ್ಲ. ಬಿಸಿಲು ಪಕ್ಕದಿಂದ, ಓರೆಯಾಗಿ ಬೀಳಬೇಕು. ಆಗ ದಾರದ ಉಬ್ಬು ಎದ್ದು ಕಾಣುತ್ತದೆ, ಕನ್ನಡಿ ಸುತ್ತ ಬಿಗಿದ ಒಂದೊಂದು ಎಳೆಯೂ ಸ್ಪಷ್ಟವಾಗುತ್ತದೆ. ಅದಕ್ಕೇ ಮಧ್ಯಾಹ್ನ ಕ್ಯಾಮೆರಾ ಒಳಗಿಟ್ಟೆವು. ರೊಟ್ಟಿ ಊಟ ಅವರ ಮನೆಯಲ್ಲೇ ಆಯಿತು.

ಈ ಫೋಟೋ ನೋಡಿ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಮೊಮ್ಮಗಳು ಗದಗಿನಲ್ಲಿ ಕಾಲೇಜು ಓದುತ್ತಾಳೆ. ಫೇಟಿಯಾ ಕೆಳಗೆ ಸ್ಪೋರ್ಟ್ಸ್ ಶೂ. ಕೈಯಲ್ಲಿ ಮೊಬೈಲ್, ಗೋವಾಕ್ಕೆ ದುಡಿಯಲು ಹೋದ ಅಪ್ಪನ ವಿಡಿಯೋ ಕಾಲ್. ಹಿಂದೆ ಗಾಳಿಯಂತ್ರ. ಗೆಳೆಯನೊಬ್ಬ, "ಮೊಬೈಲು, ಫ್ಯಾನು ಎರಡೂ ಎಡಿಟ್‌ನಾಗ ತಗದಬಿಡೋ, ಒರಿಜಿನಲ್ ಕಾಣ್ತೈತಿ" ಎಂದ. ನಾನು ಒಪ್ಪಲಿಲ್ಲ.

ಹೀಗೆ ಅಳಿಸುವುದು ಬಹಳ ಹಿಂದಿನಿಂದ ನಡೆದಿದೆ. ಎಡ್ವರ್ಡ್ ಕರ್ಟಿಸ್ ಎಂಬ ಫೋಟೋಗ್ರಾಫರ್ ಅಮೆರಿಕದ ಮೂಲನಿವಾಸಿಗಳ ಚಿತ್ರಗಳನ್ನು 1907ರಿಂದ 1930ರವರೆಗೆ 20 ಸಂಪುಟಗಳಲ್ಲಿ ತಂದರು. ಅದರಲ್ಲೊಂದು ಚಿತ್ರದಲ್ಲಿ ಇಬ್ಬರು ಗಂಡಸರು ಗುಡಾರದೊಳಗೆ ಕುಳಿತಿದ್ದಾರೆ. ಮೂಲ ನೆಗೆಟಿವ್‌ನಲ್ಲಿ ಅವರ ನಡುವೆ ಒಂದು ಗಡಿಯಾರ ಇತ್ತು. ಅಚ್ಚಾದ ಚಿತ್ರದಲ್ಲಿ ಇಲ್ಲ. ಗಡಿಯಾರ ಇಟ್ಟುಕೊಂಡ ಮನುಷ್ಯ ನಮ್ಮ ಕಾಲದವನು. ಅದನ್ನು ತೆಗೆದರೆ ಅವನು ಎಂದೋ ಮುಗಿದುಹೋದ ಕಾಲದವನಾಗುತ್ತಾನೆ. ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಅದೇ ದೇಶದಲ್ಲಿ 2012ರಲ್ಲಿ ಮಟಿಕಾ ವಿಲ್ಬರ್ ಎಂಬ ಫೋಟೋಗ್ರಾಫರ್ ಪ್ರಾಜೆಕ್ಟ್ 562 ಎಂಬ ಫೋಟೋ ಯೋಜನೆ ಶುರು ಮಾಡಿದರು. ಅಲ್ಲಿನ ಕೇಂದ್ರ ಸರ್ಕಾರ ಮಾನ್ಯ ಮಾಡಿದ್ದ ಬುಡಕಟ್ಟುಗಳ ಸಂಖ್ಯೆಯಿಂದ ಬಂದ ಹೆಸರು ಅದು. ಅವರು ಸ್ವತಃ ಸ್ವಿನೋಮಿಶ್ ಮತ್ತು ತುಲಾಲಿಪ್ ಸಮುದಾಯದವರು. ತಮ್ಮ ಜನರನ್ನು ಇವತ್ತಿನ ಜನರಾಗಿಯೇ ತೋರಿಸಬೇಕೆಂದು ಊರೂರು ಸುತ್ತಿದರು. ನಮ್ಮ ತಾಂಡಾದ ಹುಡುಗಿಯೊಬ್ಬಳು ಹಾಗೆ ಕ್ಯಾಮೆರಾ ಹಿಡಿಯಬೇಕು ಎಂಬುದು ನನ್ನ ದೊಡ್ಡ ಆಸೆ. ಇವತ್ತು ಸಂಜೆ ಮೊಮ್ಮಗಳು ನನ್ನ ಕ್ಯಾಮೆರಾ ತೆಗೆದುಕೊಂಡು ಅಜ್ಜಿಯನ್ನು ಶೂಟ್ ಮಾಡಿದಳು. ಅಜ್ಜಿ ನನ್ನ ಮುಂದೆ ಅಷ್ಟು ಆರಾಮಾಗಿ ನಿಂತಿರಲಿಲ್ಲ.

ಮೂವರಿಗೂ ಮಾಡೆಲ್ ಫೀ ಕೊಟ್ಟಿದ್ದೇವೆ. ಬಟ್ಟೆಯ ಬಾಡಿಗೆ ಬೇರೆ. ಪ್ರಿಂಟ್ ಹಾಕಿಸಿಕೊಂಡು ಮತ್ತೆ ಬರುತ್ತೇವೆ. ಅವರು ಬೇಡ ಎಂದ ಫೋಟೋ ಡಿಲೀಟ್. ಒಪ್ಪಿದವು ಮುಂದಿನ ವಿಡಿಯೋದಲ್ಲಿ.